ಕುದುರೆ ಮನೆತನದ ಕೆನ್ನೆ ಪರೀಕ್ಷೆ

ಜೀವಶಾಸ್ತ್ರ ಕಲಿಸುವವರು ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಕ್ಷೇಮ ಎಂಬ ತಿಳಿವಳಿಕೆ ನನಗೆ ಬಂದದ್ದು ತೀರಾ ತಡವಾಗಿ. ಇತಿಹಾಸ ಕಲಿಸುವವರಿಗೆ ಈ ತೊಂದರೆಯಿಲ್ಲ. ಅವರು ಊಟದ ಹೊತ್ತಿನಲ್ಲಿ ಯಾವುದೋ ಯುದ್ಧದ ಮಾತು ತೆಗೆದರೆ ಮನೆಯವರು ಆಕಳಿಸಿ ಕೈ ತೊಳೆಯಲು ಏಳುತ್ತಾರೆ. ನಮ್ಮ ಪಾಡು ಹಾಗಲ್ಲ. ಪಕ್ಕದ ಮನೆಯ ಹಸು ಮೇವು ಬಿಟ್ಟರೂ, ನಾದಿನಿಯ ಮೊಮ್ಮಗುವಿಗೆ ಹಲ್ಲು ತಡವಾಗಿ ಬಂದರೂ, ನನ್ನ ಗಂಡನ ದ್ರಾಕ್ಷಿ ಬಳ್ಳಿಗೆ ಬೂದಿರೋಗ ಹಿಡಿದರೂ ಎಲ್ಲರ ಮುಖ ನನ್ನ ಕಡೆ ತಿರುಗುತ್ತದೆ. ನಾನು ಇಪ್ಪತ್ತು ಚಿಲ್ಲರೆ ವರ್ಷದಿಂದ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಡಿಎನ್‌ಎ ಪಾಠ ಮಾಡುತ್ತಿದ್ದೇನೆ, ನಿಜ. ಕಪ್ಪು ಹಲಗೆಯ ಮೇಲೆ ತಿರುಚಿದ ಏಣಿಯಂತೆ ಅದರ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ಡಿಎನ್‌ಎಯನ್ನು ನಾನು ಕಣ್ಣಾರೆ ನೋಡಿದವಳಲ್ಲ, ಅದು ಯಾರದಾದರೂ ಮನೆಗೆ ಬಂದು ಜಗಳ ಹಚ್ಚಬಹುದೆಂದು ಕನಸಿನಲ್ಲೂ ಎಣಿಸಿದವಳಲ್ಲ. ಪಠ್ಯದಲ್ಲಿ ಆ ಭಾಗವೇ ಇಲ್ಲ.

ಜಗಳದ ಮೂಲ ನಮ್ಮ ಮನೆಯ ಹೆಸರು. ನಮ್ಮ ಕಡೆ ಸರ್‌ನೇಮ್ ಎಂಬ ಪದ್ಧತಿಯೇ ಇಲ್ಲವೆಂಬುದು ನಿಮಗೂ ಗೊತ್ತು. ಹೆಸರಿನ ಮುಂದೆ ಒಂದೋ ಎರಡೋ ಇನಿಷಿಯಲ್ ಅಂಟಿಸಿಕೊಂಡು ಜೀವನ ಸಾಗಿಸುತ್ತೇವೆ. ನನ್ನ ಗಂಡ ಕೆ. ನಾರಾಯಣಸ್ವಾಮಿ. ಬೇರೆಯವರ ಮನೆಯಲ್ಲಿ ಆ ಕೆ ಎಂಬುದು ಕೆಂಪಯ್ಯನೋ ಕೃಷ್ಣಪ್ಪನೋ ಆಗಿರುತ್ತದೆ. ನಮ್ಮ ಮನೆಯಲ್ಲಿ ಅದು ಕುದುರೆ. ಕುಂದಾಣದ ಸುತ್ತಮುತ್ತ ನಮ್ಮನ್ನು ಕುದುರೆ ಮನೆಯವರು ಎಂದೇ ಕರೆಯುತ್ತಾರೆ. ಮಗ ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು ಎಂದರಂತೆ. ಅವನು ಬಿಡಿಸಿ ಬರೆದ. ಹಾಗಾಗಿ ಅವನು ಕೆಲಸ ಮಾಡುವ ಸೋಂಪುರದ ಕಾರ್ಖಾನೆಗೆ ಹೊರದೇಶದವರು ಬಂದಾಗಲೆಲ್ಲ ಬಹಳ ಗೌರವದಿಂದ ಮಿಸ್ಟರ್ ಕುದುರೆ ಎಂದು ಕೈ ಕುಲುಕುತ್ತಾರೆ, ಹಿಂದೆ ನಿಂತ ನಮ್ಮ ಹುಡುಗರು ಸದ್ದಿಲ್ಲದೆ ಕೆನೆಯುತ್ತಾರೆ. ಕಾಲೇಜಿನಲ್ಲಿ ಮಕ್ಕಳು ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ನಾನು ಹೇಳುವುದಿಲ್ಲ, ನೀವೇ ಊಹಿಸಿಕೊಳ್ಳಿ.

ಈ ಹೆಸರಿನ ಬಗ್ಗೆ ನನ್ನ ಗಂಡನಿಗಿರುವ ಅಭಿಮಾನ ಮಾತ್ರ ತಮಾಷೆಯದಲ್ಲ. ಅವರ ಪ್ರಕಾರ ಅವರ ವಂಶದ ಮೂಲಪುರುಷ ಪಾಳೆಯಗಾರರ ಕಾಲದಲ್ಲಿ ಕುದುರೆ ಪಡೆಯ ಮುಖ್ಯಸ್ಥನಾಗಿದ್ದ, ಶತ್ರುಗಳ ನಡುವೆ ಒಬ್ಬನೇ ನುಗ್ಗಿ ಹೊರಬಂದದ್ದಕ್ಕೆ ಅವನಿಗೆ ಜಮೀನು ಇನಾಮಾಗಿ ಸಿಕ್ಕಿತು. ಇದಕ್ಕೆ ಸಾಕ್ಷಿಯಾಗಿ ದೇವರಮನೆಯಲ್ಲಿ ಒಂದು ಕಬ್ಬಿಣದ ಬಳೆ ನೇತಾಡುತ್ತಿದೆ. ಅದು ಆ ಮಹನೀಯನ ಕುದುರೆಯ ರಿಕಾಪು, ಅಂದರೆ ಜೀನಿನ ಮೇಲೆ ಕೂತವನು ಕಾಲಿಡುವ ಬಳೆ. ಆಯುಧಪೂಜೆಯ ದಿನ ಅದಕ್ಕೆ ಮೊದಲ ಕುಂಕುಮ, ಆಮೇಲೆ ಟ್ರ್ಯಾಕ್ಟರಿಗೆ. ಮದುವೆಯಾದ ಹೊಸದರಲ್ಲಿ ಅದರೊಳಗೆ ಕಾಲು ತೂರುತ್ತದೆಯೇ ಎಂದು ನಾನು ಯಾರೂ ಇಲ್ಲದಾಗ ಪರೀಕ್ಷಿಸಿದ್ದುಂಟು. ಹೆಬ್ಬೆರಳು ಮಾತ್ರ ತೂರಿತು. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಸಾಮಾನೇನೋ ಇರಬೇಕು ಎಂದುಕೊಂಡು ಸುಮ್ಮನಾದೆ. ಆ ದಿನಗಳಲ್ಲಿ ನನಗೆ ಸುಮ್ಮನಾಗುವ ಬುದ್ಧಿ ಇತ್ತು.

ಮಗ ಮನೋಜನಿಗೆ ಹೆಣ್ಣು ನೋಡುವ ಮಾತು ಶುರುವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಅವನು, ನೀವು ಹುಡುಕುವುದು ಬೇಡ, ನಾನು ಒಬ್ಬ ಹುಡುಗಿಯನ್ನು ಇಷ್ಟಪಟ್ಟಿದ್ದೇನೆ ಎಂದ. ಹುಡುಗಿ ಹೊಸಕೋಟೆಯವಳು, ಫಿಸಿಯೋಥೆರಪಿಸ್ಟ್. ಇವನ ಕಾರ್ಖಾನೆಯಲ್ಲಿ ಬೆನ್ನುನೋವಿನ ಶಿಬಿರ ನಡೆಸಲು ಬಂದಿದ್ದಳಂತೆ. ಇವನಿಗೆ ಬೆನ್ನುನೋವು ಇರಲಿಲ್ಲ, ಆದರೂ ಸಾಲಿನಲ್ಲಿ ನಿಂತನಂತೆ. ಅವಳು ಬೆನ್ನು ಒತ್ತಿ ನೋಡಿ, ನಿಮಗೇನೂ ಆಗಿಲ್ಲ, ಮುಂದಿನವರಿಗೆ ಜಾಗ ಬಿಡಿ ಎಂದಳಂತೆ. ಇಷ್ಟು ಕೇಳಿಯೇ ನನಗೆ ಹುಡುಗಿ ಹಿಡಿಸಿದಳು. ಜಾತಿ, ಊರು, ಓದು ಎಲ್ಲ ಸರಿಹೊಂದಿತ್ತು. ನನ್ನ ಗಂಡನ ಮುಖವೂ ಅರಳಿತ್ತು. ಹೆಸರೇನು ಎಂದು ಕೇಳಿದರು. ಕೆ. ಕಾವ್ಯ ಎಂದ. ಕೆ ಅಂದರೆ ಏನು ಎಂದು ಕೇಳಿದರು. ಮನೋಜ ಮುದ್ದೆ ಮುರಿಯುತ್ತಾ ತಲೆ ತಗ್ಗಿಸಿಕೊಂಡೇ ಹೇಳಿದ:

"ನಮ್ದೇ ಕಣಪ್ಪ. ಕುದುರೆ."

ಆಗ ಬಾಯಿ ತೆರೆದವರು ಚನ್ನಮ್ಮತ್ತೆ. ಅವರು ನನ್ನ ಮಾವನವರ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಹಲ್ಲು ಒಂದೂ ಉಳಿದಿಲ್ಲ, ಆದರೆ ಅವರ ಮಾತನ್ನು ಮೀರಿ ಈ ಮನೆಯಲ್ಲಿ ಹಸು ಕೂಡ ಕರು ಹಾಕಿದ್ದಿಲ್ಲ. ಒಂದೇ ಮನೆತನದವರೆಂದರೆ ಅಣ್ಣ ತಮ್ಮಂದಿರ ಮಕ್ಕಳು, ಆ ಹುಡುಗಿ ವರಸೆಯಲ್ಲಿ ಮನೋಜನಿಗೆ ತಂಗಿಯಾಗಬೇಕು, ಆದ್ದರಿಂದ ಈ ಮಾತು ಇಲ್ಲಿಗೆ ನಿಲ್ಲಲಿ ಎಂದು ಅವರು ತೀರ್ಪು ಕೊಟ್ಟರು. ಮನೋಜ ಬಿಡಲಿಲ್ಲ. ಹೊಸಕೋಟೆಯ ಆ ಮನೆಗೂ ನಮಗೂ ಹೋಗಿಬರುವುದಿಲ್ಲ, ಮದುವೆಗೆ ಕರೆಯುವುದಿಲ್ಲ, ಅವರ ಮನೆಯಲ್ಲಿ ಸಾವಾದರೆ ನಾವು ಸೂತಕ ಹಿಡಿಯುವುದಿಲ್ಲ, ಹೀಗಿರುವಾಗ ಯಾವ ಅಣ್ಣ ತಮ್ಮ ಎಂದು ವಾದಿಸಿದ. ದೂರವಾದರೆ ಸೂತಕ ತಪ್ಪುತ್ತದೆ, ವರಸೆ ತಪ್ಪುವುದಿಲ್ಲ ಎಂದರು ಚನ್ನಮ್ಮತ್ತೆ. ಎರಡೂ ಮನೆಯವರು ಮೂಲದ ಊರೆಂದು ಹೇಳುವುದು ನೆಲಮಂಗಲ ಕಡೆಯ ತಾಳೆಸಂದ್ರವನ್ನೇ. ಅದೂ ಅವರ ವಾದಕ್ಕೆ ಬಲ ಕೊಟ್ಟಿತು. ಮಗ ಅರ್ಧ ಮುದ್ದೆ ಬಿಟ್ಟು ಎದ್ದ. ಅವನು ಮುದ್ದೆ ಬಿಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಆ ಅರ್ಧ ಮುದ್ದೆಯನ್ನು ನೋಡಿಯೇ ನಾನು ಬಾಯಿ ಬಿಟ್ಟೆ. ಇದನ್ನೆಲ್ಲ ಊಹೆಯ ಮೇಲೆ ಹೇಳುವುದೇಕೆ, ಗಂಡಸರಲ್ಲಿ ವೈ ವರ್ಣತಂತು ಎಂಬುದೊಂದಿದೆ, ಅದು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಮ್ಮಿ ಹಾಗೆಯೇ ಇಳಿದು ಬರುತ್ತದೆ, ಈಗ ಕೆನ್ನೆಯ ಒಳಗನ್ನು ಒರೆಸಿ ಕಳಿಸಿದರೆ ಎರಡು ಮನೆಯವರ ಮೂಲಪುರುಷ ಒಬ್ಬನೋ ಇಬ್ಬರೋ ಎಂದು ಹೇಳಿಬಿಡುತ್ತಾರೆ ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆಂದು ಕಾಣುತ್ತದೆ. ಬೆರಳಲ್ಲಿ ಏಣಿಯ ಚಿತ್ರ ಬೇರೆ ಗಾಳಿಯಲ್ಲಿ ಬರೆದೆ. ಮನೋಜ ಬಾಗಿಲ ಹತ್ತಿರದಿಂದ ವಾಪಸು ಬಂದ. ನನ್ನ ಗಂಡ ಕೈ ಆರಿಸಿಕೊಂಡು ಕುಳಿತೇ ಇದ್ದರು. ನಿಜ ಹೇಳಬೇಕೆಂದರೆ ಅವರಿಗೆ ಮಗನ ಮದುವೆಗಿಂತ ಹೆಚ್ಚಾಗಿ, ತಮ್ಮ ಕುದುರೆ ಪಡೆಯ ಮುಖ್ಯಸ್ಥನಿಗೆ ವಿಜ್ಞಾನದ ಮುದ್ರೆ ಬೀಳುತ್ತದೆಂಬ ಆಸೆ ಹುಟ್ಟಿತ್ತು.

ಹೊಸಕೋಟೆಯಲ್ಲಿ ಕಾವ್ಯಾಳ ತಂದೆ ಮುನಿರಾಜು ಅವರೂ ಇದೇ ಸಂಕಟದಲ್ಲಿದ್ದರು. ಪಿಲ್ಲಗುಂಪೆಗೆ ಹೋಗುವ ದಾರಿಯಲ್ಲಿ ಅವರದು ಸಿಮೆಂಟ್ ಇಟ್ಟಿಗೆ ಮಾಡುವ ಯಾರ್ಡು. ಮಾತು ಕಡಿಮೆ, ಆದರೆ ಆಡಿದ ಮಾತು ಅವರ ಇಟ್ಟಿಗೆಯಷ್ಟೇ ಗಟ್ಟಿ ಎಂದು ಮನೋಜ ಮೊದಲೇ ಎಚ್ಚರಿಸಿದ್ದ. ನಾನು ಫೋನಿನಲ್ಲಿ ವಿವರಿಸಿದ್ದನ್ನೆಲ್ಲ ಕೇಳಿ ಅವರು ಒಪ್ಪಿದರು. ಮಗ ಆನ್‌ಲೈನಿನಲ್ಲಿ ಕಿಟ್‌ಗಳನ್ನು ತರಿಸಿದ. ಎರಡು ಸಾಕಾಗಿತ್ತು, ಆದರೆ ಯಾವುದೋ ಆಫರಿನಲ್ಲಿ ಮೂರು ಬಂದವು. ಒಂದನ್ನು ಕಾವ್ಯ ತನ್ನ ತಂದೆಯ ಕೆನ್ನೆ ಒರೆಸಲು ಒಯ್ದಳು.

ಕೆನ್ನೆ ಒರೆಸುವ ದಿನದ ಬೆಳಿಗ್ಗೆ ನನ್ನ ಗಂಡನನ್ನು ಕಾಯುವುದೇ ನನಗೆ ಕೆಲಸವಾಯಿತು. ಬಾಯಿಗೆ ಏನೂ ಹಾಕಿಕೊಳ್ಳಬಾರದು ಎಂದು ಕಿಟ್‌ನಲ್ಲಿ ಸ್ಪಷ್ಟವಾಗಿ ಹೇಳಿತ್ತು. ಅವರೋ ಎದ್ದ ತಕ್ಷಣ ಎಲೆ ಅಡಿಕೆ ಹಾಕುವ ಮನುಷ್ಯ. ತೋಟಕ್ಕೆ ಹೋಗಿಬರುತ್ತೇನೆ ಎಂದು ಹೊರಟವರ ಹಿಂದೆಯೇ ನಾನೂ ಹೊರಟೆ. ದ್ರಾಕ್ಷಿ ಚಪ್ಪರದ ಕೆಳಗೆ ಅವರು ನಡೆದಷ್ಟು ದೂರವೂ ನಡೆದೆ. ಕೊನೆಗೆ ಹಜಾರದಲ್ಲಿ ಕೂರಿಸಿ ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯೊಳಗೆ ತಿರುಗಿಸುವಾಗ ಚನ್ನಮ್ಮತ್ತೆ ಪಕ್ಕದಲ್ಲೇ ಕುಳಿತು ನೋಡುತ್ತಿದ್ದರು. ಮುಗಿದ ಮೇಲೆ ತಮ್ಮ ಬಾಯನ್ನೂ ತೆರೆದು ನನ್ನ ಕಡೆ ತಿರುಗಿದರು. ಈಗ ಬದುಕಿರುವವರಲ್ಲಿ ಕುದುರೆ ಮನೆಯಲ್ಲಿ ಮೊದಲು ಹುಟ್ಟಿದವಳು ನಾನು, ಆದ್ದರಿಂದ ನನ್ನ ಬಾಯಿಯೇ ಹೆಚ್ಚು ಶುದ್ಧ ಎಂಬುದು ಅವರ ಅಭಿಪ್ರಾಯ. ಹೆಂಗಸರಲ್ಲಿ ಆ ವೈ ಎಂಬುದು ಇರುವುದಿಲ್ಲ ಅತ್ತೆ, ನಿಮ್ಮದರಿಂದ ಈ ಪರೀಕ್ಷೆಗೆ ಪ್ರಯೋಜನವಿಲ್ಲ ಎಂದು ನಾನು ಆದಷ್ಟು ಮೆತ್ತಗೆ ಹೇಳಿದೆ. ಅವರು ತೆರೆದ ಬಾಯಿ ಮುಚ್ಚಿ ಕೇಳಿದರು:

"ಅಲ್ಲಮ್ಮೀ, ನಾ ಹುಟ್ಟಿದ್ದು ಈ ಮನೇಲಿ, ಸಾಯೋದೂ ಈ ಮನೇಲಿ. ಮನೆ ಹೆಸ್ರು ಮಾತ್ರ ನನ್ನ ಮೈಯಾಗಿಲ್ಲ ಅಂತೀಯ. ಯಾವನಮ್ಮಿ ಇದನ್ನ ಬರ್ದೋನು?"

ನಾನು ಕಡ್ಡಿಯನ್ನು ಕೊಳವೆಗೆ ಹಾಕಿ ಮುಚ್ಚಳ ತಿರುಗಿಸುವುದರಲ್ಲಿ ಬಹಳ ಮಗ್ನಳಾದೆ.

ಫಲಿತಾಂಶ ಬರುವವರೆಗೆ ಮನೋಜ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಬಂದ ದಿನ ಅವನು ಕಾರ್ಖಾನೆಯಿಂದಲೇ ಫೋನ್ ಮಾಡಿ ಓದಿ ಹೇಳಿದ. ಅಲ್ಲಿದ್ದ ಗ್ರಾಫು ಕೋಷ್ಟಕಗಳನ್ನೆಲ್ಲ ಬಿಟ್ಟು ಸಾರ ಹೇಳುವುದಾದರೆ, ಈ ಇಬ್ಬರು ಗಂಡಸರ ಅಪ್ಪಂದಿರ ಸಾಲು ಎಲ್ಲಿಯೂ ಹತ್ತಿರದಲ್ಲಿ ಕೂಡುವುದಿಲ್ಲ. ಎಂದೋ ಕೂಡಿದ್ದರೂ ಅದು ಕುಂದಾಣ, ಹೊಸಕೋಟೆ, ಕುದುರೆ ಯಾವುದೂ ಇಲ್ಲದ ಕಾಲದಲ್ಲಿ. ಅಂದರೆ ಅಣ್ಣ ತಂಗಿಯ ವರಸೆ ಬಿದ್ದುಹೋಯಿತು. ನಾನು ಆ ಸಂಜೆ ಶಾವಿಗೆ ಪಾಯಸ ಮಾಡಿದೆ. ವಿಜ್ಞಾನವನ್ನು ನಂಬಿ ಬದುಕಿದ್ದಕ್ಕೆ ಸಾರ್ಥಕವಾಯಿತು ಎಂದುಕೊಂಡು ಗೋಡಂಬಿಯನ್ನೂ ಕೈತುಂಬ ಹಾಕಿದೆ.

ನನ್ನ ಗಂಡ ಪಾಯಸದ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸುತ್ತಿದ್ದರು. ಕೊನೆಗೆ ಬಟ್ಟಲನ್ನು ಕೆಳಗಿಟ್ಟು ಕೇಳಿದರು:

"ಹಂಗಾದ್ರೆ ಅವರು ಯಾರು?"

ನಮಗೂ ಅವರಿಗೂ ರಕ್ತಸಂಬಂಧವಿಲ್ಲವೆಂದ ಮೇಲೆ ಎರಡು ಮನೆಯಲ್ಲಿ ಒಂದು ಮನೆ ಮಾತ್ರ ನಿಜವಾದ ಕುದುರೆ, ಇನ್ನೊಂದು ಎಲ್ಲಿಂದಲೋ ಬಂದು ಹೆಸರು ಇಟ್ಟುಕೊಂಡದ್ದು ಎಂಬುದು ಅವರ ತರ್ಕ. ಯಾವುದು ನಿಜವಾದದ್ದು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಹೊಸಕೋಟೆಯಲ್ಲಿ ಮುನಿರಾಜು ಅವರೂ ಅದೇ ಹೊತ್ತಿಗೆ ಅದೇ ತರ್ಕಕ್ಕೆ ಬಂದು, ಅವರು ಯಾರಂತೆ ಎಂದು ಮಗಳನ್ನು ಕೇಳಿದ್ದರೆಂದು ಆಮೇಲೆ ತಿಳಿಯಿತು. ಸಂಬಂಧವಿಲ್ಲವೆಂದು ಸಾಬೀತು ಮಾಡಲು ಹೊರಟ ಎರಡು ಮನೆಗಳು ಸಂಬಂಧವಿಲ್ಲವೆಂದು ಸಾಬೀತಾದ ತಕ್ಷಣ ಒಂದರ ಮೇಲೊಂದು ಮುನಿದು ಕುಳಿತವು.

ಹಾಗಿದ್ದರೂ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ನಾವು ಹೊಸಕೋಟೆಗೆ ಹೋದೆವು. ಮುನಿರಾಜು ಅವರ ಮನೆ ದೊಡ್ಡದು, ಸೋಫಾ ಮೆತ್ತಗಿತ್ತು, ಕಾಫಿ ಚೆನ್ನಾಗಿತ್ತು. ಮೊದಲು ಮಳೆ, ಆಮೇಲೆ ರಸ್ತೆ ಅಗಲ ಮಾಡುವುದು, ಆಮೇಲೆ ದ್ರಾಕ್ಷಿ ಬೆಲೆ, ಹೀಗೆ ಮಾತು ಸುಗಮವಾಗಿಯೇ ಸಾಗಿತ್ತು. ನನ್ನ ಗಂಡ ತಡೆಯಲಾರದೆ ತಮ್ಮ ಮೂಲಪುರುಷ ಶತ್ರುಗಳ ನಡುವೆ ನುಗ್ಗಿದ ಕಥೆ ತೆಗೆದರು. ಮುನಿರಾಜು ಶಾಂತವಾಗಿ ಕೇಳಿ, ಆ ಕಥೆ ನಮ್ಮದು, ನುಗ್ಗಿದವನು ನಮ್ಮ ಮುತ್ತಜ್ಜನ ಮುತ್ತಜ್ಜ, ನೀವು ಯಾರ ಬಾಯಲ್ಲೋ ಕೇಳಿರಬೇಕು ಎಂದರು. ಇಬ್ಬರ ಮುಖವೂ ಬಿಗಿಯಿತು. ಸಂಧಾನ ಮಾಡುವುದು ವಿದ್ಯಾವಂತೆಯಾದ ನನ್ನ ಕರ್ತವ್ಯ ಎಂದು ನನಗೆ ತೋರಿತು. ಹೆಸರು ಒಂದೇ ಇದ್ದು ರಕ್ತ ಬೇರೆಯಾಗುವುದರಲ್ಲಿ ಅವಮಾನವೇನಿಲ್ಲ, ಅದಕ್ಕೆ ಎಷ್ಟೋ ಕಾರಣಗಳಿರುತ್ತವೆ, ದತ್ತು ತೆಗೆದುಕೊಂಡಿರಬಹುದು, ಮನೆಅಳಿಯನಾಗಿ ಬಂದಿರಬಹುದು, ಅಥವಾ ಇನ್ನೇನಾದರೂ ಆಗಿರಬಹುದು ಎಂದೆ.

ಆ 'ಇನ್ನೇನಾದರೂ' ಎಂಬ ಮಾತನ್ನು ನಾನು ತರಗತಿಯಲ್ಲಿ ಪಟ್ಟಿ ಮುಗಿಸುವಾಗ ಹೇಳುವ ಅಭ್ಯಾಸದಲ್ಲಿ ಹೇಳಿದ್ದು. ಅಲ್ಲಿ ಅದು ಬೇರೆ ಥರ ಕೇಳಿಸಿತು. ಸೋಫಾದ ಮೇಲಿದ್ದವರೆಲ್ಲ ತಮ್ಮ ತಮ್ಮ ಮುತ್ತಜ್ಜಿಯರನ್ನು ನೆನೆದುಕೊಂಡರು. ಕಾವ್ಯಾಳ ತಾಯಿ ಎದ್ದು, ಅರ್ಧ ಕುಡಿದಿದ್ದ ನನ್ನ ಕಾಫಿ ಲೋಟವನ್ನೂ ಸೇರಿಸಿಕೊಂಡು ಎಲ್ಲ ಲೋಟಗಳನ್ನು ಒಳಗೆ ಒಯ್ದರು. ಮತ್ತೆ ಹೊರಗೆ ಬರಲಿಲ್ಲ. ವಾಪಸು ಬರುವಾಗ ದೇವನಹಳ್ಳಿ ದಾಟಿದ ಮೇಲೆ ಮನೋಜ, ಅಮ್ಮ, ನೀನು ಇನ್ನು ಮುಂದೆ ಬಯಾಲಜಿ ಕಾಲೇಜಲ್ಲಿ ಮಾತ್ರ ಮಾತಾಡು ಎಂದ. ಅವನ ದನಿಯಲ್ಲಿ ಕೋಪ ಇರಲಿಲ್ಲ, ದಣಿವಿತ್ತು. ಅದೇ ನನಗೆ ಹೆಚ್ಚು ನಾಟಿತು.

ನಾಲ್ಕಾರು ದಿನ ಕಳೆದ ಮೇಲೆ ಕಾವ್ಯ ನನಗೆ ಫೋನ್ ಮಾಡಿದಳು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತು ಕ್ಷಮೆ ಕೇಳಲು ಶಬ್ದ ಹುಡುಕುತ್ತಿದ್ದೆ. ಅವಳು ಅದಕ್ಕೆ ಅವಕಾಶ ಕೊಡದೆ ನೇರ ವಿಷಯಕ್ಕೆ ಬಂದಳು. ಮೂರನೆಯ ಕಿಟ್ ನಿಮ್ಮ ಹತ್ತಿರ ಇದೆಯಲ್ಲ, ತಾಳೆಸಂದ್ರದಲ್ಲಿ ಇನ್ನೂ ಒಂದು ಕುದುರೆ ಮನೆ ಇದೆಯಂತೆ, ಕೆಂಪಣ್ಣ ಅಂತ, ಊರು ಬಿಡದೆ ಅಲ್ಲೇ ಉಳಿದವರು, ಅವರ ಕೆನ್ನೆ ಒರೆಸಿದರೆ ಯಾರು ಮೂಲ ಎಂದು ತೀರ್ಮಾನವಾಗುತ್ತದೆ, ಯಾರಾದರೂ ಒಬ್ಬರು ಗೆದ್ದರೆ ಜಗಳ ಮುಗಿಯುತ್ತದೆ ಎಂದಳು. ನಿಮ್ಮಪ್ಪ ಸೋತರೆ ಎಂದು ಕೇಳಿದೆ. ಅಪ್ಪ ಒಂದು ವಾರ ಊಟ ಬಿಡಬಹುದು ಆಂಟಿ, ಈಗ ಹೇಗೂ ಸರಿಯಾಗಿ ಊಟ ಮಾಡುತ್ತಿಲ್ಲ ಎಂದಳು. ಇಬ್ಬರು ಗಂಡಸರೂ ತಾವೇ ಗೆಲ್ಲುವವರೆಂದು ನಂಬಿದ್ದರಿಂದ ಒಪ್ಪಿಸುವುದು ಕಷ್ಟವಾಗಲಿಲ್ಲ.

ತಾಳೆಸಂದ್ರಕ್ಕೆ ನಾವು ಒಂದು ಕಾರಿನಲ್ಲಿ, ಅವರು ಇನ್ನೊಂದು ಕಾರಿನಲ್ಲಿ ಹೋದೆವು. ಕೆರೆ ಪಕ್ಕದ ಕಿರಿದಾದ ಬೀದಿಯಲ್ಲಿ ಎರಡು ಕಾರುಗಳೂ ಎದುರುಬದುರಾಗಿ ಮೂತಿ ತಾಗಿಸಿಕೊಂಡು ನಿಂತವು. ಹಿಂದಕ್ಕೆ ತೆಗೆಯಲು ಇಬ್ಬರೂ ಒಪ್ಪಲಿಲ್ಲ. ಇಳಿದೇ ನಡೆದೆವು. ಕುದುರೆ ಕೆಂಪಣ್ಣ ಎಂದು ಕೇಳಿದ್ದಕ್ಕೆ ಯಾರೋ ಹಿಟ್ಟಿನ ಗಿರಣಿ ತೋರಿಸಿದರು. ಕೆಂಪಣ್ಣ ರೆಪ್ಪೆಯವರೆಗೂ ರಾಗಿ ಹಿಟ್ಟು ಮೆತ್ತಿಕೊಂಡು ನಿಂತಿದ್ದ, ಐವತ್ತು ದಾಟಿದ ಹಸನ್ಮುಖಿ. ಎರಡು ಕಾರಿನ ತುಂಬ ಬಟ್ಟೆ ಚೆನ್ನಾಗಿ ಹಾಕಿಕೊಂಡವರು ಬಂದು, ನೀನೂ ನಾವೂ ಒಂದೇ ವಂಶ ಇರಬಹುದು ಎಂದದ್ದೇ ತಡ, ಆ ನಗು ಮಾಯವಾಯಿತು. ಗಿರಣಿಯ ಬೆಲ್ಟು ನಿಲ್ಲಿಸಿ ಹೊರಗೆ ಬಂದ. ಅವನಿಗೆ ಕೆರೆಯಾಚೆ ಒಂದಿಷ್ಟು ಜಮೀನಿದೆ. ಸೋಂಪುರದ ಕಡೆಯಿಂದ ಕಾರ್ಖಾನೆಗಳು ಹತ್ತಿರ ಹತ್ತಿರ ಬರುತ್ತಿವೆ. ಇಷ್ಟು ವರ್ಷ ಇಲ್ಲದ ನೆಂಟರು ಈಗ ಬಂದಿದ್ದಾರೆಂದರೆ ಪಾಲು ಕೇಳುವುದಕ್ಕೇ ಎಂದು ಅವನು ತಿಳಿದ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಪಾಲು ಬೇಡ, ಕೆನ್ನೆ ಮಾತ್ರ ಸಾಕು ಎಂದು ನಂಬಿಸಲು ಬಹಳ ಹೊತ್ತು ಹಿಡಿಯಿತು. ಕೆನ್ನೆ ಎಂದದ್ದಕ್ಕೆ ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಮಕ್ಕಳ ಮೇಲೆ ಆಣೆ ಇಡಿ ಎಂದ ಕೆಂಪಣ್ಣ. ನನ್ನ ಗಂಡ ಮನೋಜನ ತಲೆ ಮುಟ್ಟಿದರು, ಮುನಿರಾಜು ಕಾವ್ಯಾಳ ತಲೆ ಮುಟ್ಟಿದರು. ಆಮೇಲೆ ಅವನು ಬಾಯಿ ಮುಕ್ಕಳಿಸಿದ. ಹಿಟ್ಟು ಹೋಗಲು ಮತ್ತೆ ಮತ್ತೆ ಮುಕ್ಕಳಿಸಬೇಕಾಯಿತು. ನಾನು ಕಡ್ಡಿಯನ್ನು ತಿರುಗಿಸಿ ಕೊಳವೆಗೆ ಹಾಕಿದೆ. ಆ ಹೊತ್ತಿಗೆ ಅವನ ಹೆಂಡತಿ ಎಲ್ಲರಿಗೂ ಮಜ್ಜಿಗೆ ತಂದಿದ್ದಳು. ಈಗ ನಿರಾಳವಾಗಿದ್ದ ಕೆಂಪಣ್ಣ ಲೋಟ ಕೈಗೆತ್ತಿಕೊಂಡು ಒಂದು ಸಂದೇಹ ಕೇಳಿದ: ಇನ್ನು ಯಾರ್‍ಯಾರ ಕೆನ್ನೆ ಒರೆಸಬೇಕು? ನಿಮ್ಮ ಮನೆ ಒಂದೇ ಸಾಕು ಎಂದರು ನನ್ನ ಗಂಡ, ಕುದುರೆ ಮನೆ ಅಂತ ಇಲ್ಲಿ ಇರುವುದು ಇದೊಂದೇ ಅಲ್ಲವೇ. ಕೆಂಪಣ್ಣ ಅಚ್ಚರಿಯಿಂದ ನೋಡಿದ.

"ಒಂದೇನು ಬಂತು ಗೌಡ್ರೆ, ಈ ಬೀದಿ ಪೂರ್ತಿ ಕುದುರೇನೇ."

ಹಿಂದೆ ಆ ಕೆರೆಯಂಗಳದಲ್ಲಿ ತುಮಕೂರು ದಾರಿಯ ಪ್ರಯಾಣಿಕರು ಕುದುರೆ ಕಟ್ಟಿ ನೀರು ಕುಡಿಸಿ ದಣಿವಾರಿಸಿಕೊಳ್ಳುತ್ತಿದ್ದರಂತೆ. ಅದರ ಪಕ್ಕದ್ದು ಕುದುರೆ ಬೀದಿ. ಅಲ್ಲಿ ಮನೆ ಮಾಡಿದವರೆಲ್ಲ ಊರಿನವರ ಬಾಯಲ್ಲಿ ಕುದುರೆಯವರು. ಹೂ ಮಾರುವ ಗಂಗಮ್ಮ ಕುದುರೆ ಗಂಗಮ್ಮ. ಮೂಲೆಯಲ್ಲಿ ಬೈಕ್ ರಿಪೇರಿ ಮಾಡುವವನು ಕುದುರೆ ಬಾಷಾ. ಸೇಲಂ ಕಡೆಯಿಂದ ಜೆಸಿಬಿ ಓಡಿಸಲು ಬಂದು ಹೋದ ವರ್ಷವಷ್ಟೇ ಕೊನೆಯ ಮನೆಗೆ ಬಾಡಿಗೆಗೆ ಸೇರಿದ ಸೆಲ್ವ ಎಂಬವನಿದ್ದಾನಂತೆ. ಅವನನ್ನೂ ಈಗ ಎಲ್ಲರೂ ಕುದುರೆ ಸೆಲ್ವ ಎಂದೇ ಕರೆಯುತ್ತಾರಂತೆ. ಹೀಗೆ ಹೇಳುತ್ತಿರುವಾಗಲೇ ಆ ಸೆಲ್ವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೀದಿಯಲ್ಲಿ ಬಂದ. ನಮ್ಮ ಕಾರುಗಳ ಮೂತಿಯನ್ನು ನೋಡಿ ನಿಂತು, ಯಾರದ್ದು ಗಾಡಿ, ಸ್ವಲ್ಪ ರಿವರ್ಸ್ ತೊಗೊಳ್ಳಿ ಸಾರ್ ಎಂದು ವಿನಯದಿಂದ ಹೇಳಿದ.

ನನ್ನ ಗಂಡನೂ ಮುನಿರಾಜು ಅವರೂ ಅವನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಇಬ್ಬರ ಮನಸ್ಸಿನಲ್ಲೂ ಶತ್ರುಗಳ ನಡುವೆ ನುಗ್ಗುತ್ತಿದ್ದ ಆ ಸವಾರ ಮೆಲ್ಲಗೆ ಕುದುರೆಯಿಂದಿಳಿದು, ಪ್ರಯಾಣಿಕರಿಗೆ ಹುಲ್ಲು ಮಾರಲು ಹೊರಟಿದ್ದಿರಬೇಕು. ಮಕ್ಕಳಿಬ್ಬರೂ ನಗು ತಡೆದುಕೊಂಡು ಕೆರೆಯ ಕಡೆ ತಿರುಗಿದರು. ನಾನು ಮಾತ್ರ ಪಾಠ ಕಲಿತಿದ್ದೆ, ಒಂದಕ್ಷರವೂ ಆಡದೆ ಮಜ್ಜಿಗೆ ಕುಡಿದೆ. ಮೊದಲು ಚೇತರಿಸಿಕೊಂಡವರು ಮುನಿರಾಜು. ಕಿಸೆಯಿಂದ ಎಲೆ ಅಡಿಕೆಯ ಸಂಚಿ ತೆಗೆದು, ಸುಣ್ಣ ಹಚ್ಚಿ ಮಡಿಸಿ, ಮೊದಲ ಎಲೆಯನ್ನು ನನ್ನ ಗಂಡನ ಕಡೆ ಚಾಚಿದರು.

"ಹೋಗ್ಲಿ ಬಿಡಿ ಸ್ವಾಮಣ್ಣ. ನಮ್ಮಪ್ಪಂಗೆ ಇದು ಗೊತ್ತಾಗಿದ್ರೆ ಆವತ್ತೇ ಎದೆ ಒಡ್ಕೊಂಡ್ಬಿಡೋನು."

ನಮ್ಮಪ್ಪನೂ ಅಷ್ಟೇ ಎಂದು ನನ್ನ ಗಂಡ ಎಲೆ ಬಾಯಿಗಿಟ್ಟುಕೊಂಡರು. ಒಂದೇ ದುಃಖದಲ್ಲಿ ಪಾಲುದಾರರಾದ ಇಬ್ಬರೂ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದುಹೋದರು. ವಾಪಸು ಬರುವಾಗ ಮದುವೆ ಛತ್ರದ ಮಾತಾಡುತ್ತಿದ್ದರು. ಕಾರುಗಳನ್ನು ಇಬ್ಬರೂ ಒಟ್ಟಿಗೇ ಹಿಂದಕ್ಕೆ ತೆಗೆದದ್ದರಿಂದ ಸೆಲ್ವ ಯಾವ ಕಡೆ ಸರಿಯಬೇಕೆಂದು ತಿಳಿಯದೆ ಚರಂಡಿಗೆ ಕಾಲಿಟ್ಟ.

ಮೂರನೆಯ ಕಡ್ಡಿಯನ್ನು ಇನ್ನು ಕಳಿಸುವುದು ಬೇಡ ಎಂದು ನಮ್ಮವರೆಲ್ಲ ಹೇಳಿದರು. ಆದರೆ ಕೆಂಪಣ್ಣ ಕೇಳಲಿಲ್ಲ. ಅಷ್ಟು ಬಾಯಿ ಮುಕ್ಕಳಿಸಿದ್ದೇನೆ ಮೇಡಂ, ನಾನು ಯಾರ ಕಡೆಯವನು ಎಂದು ತಿಳಿಯಲೇಬೇಕು ಎಂದು ವಾರ ವಾರ ಫೋನ್ ಮಾಡತೊಡಗಿದ. ಕಳಿಸಿದೆ. ಅವನದು ನಮ್ಮದಕ್ಕೂ ಕೂಡಲಿಲ್ಲ, ಅವರದಕ್ಕೂ ಕೂಡಲಿಲ್ಲ. ಇಡೀ ಪ್ರಕರಣದಲ್ಲಿ ಪರೀಕ್ಷೆಯಿಂದ ಮನನೊಂದವನು ಅವನೊಬ್ಬನೇ. ನೆಂಟರು ಸಿಕ್ಕಿದರು ಎಂದುಕೊಂಡಿದ್ದೆ ಎಂದ. ಅದಕ್ಕೇ ಎರಡೂ ಮನೆಯವರು ಹೋಗಿ ಅವನನ್ನು ಮದುವೆಗೆ ಕರೆದೆವು. ಅವನು ಗಂಡಿನ ಕಡೆಯವರ ಜೊತೆ ತಿಂಡಿ ತಿಂದು ಹೆಣ್ಣಿನ ಕಡೆಯವರ ಜೊತೆ ಊಟ ಮಾಡಿದ.

ತಾಳೆಸಂದ್ರದಿಂದ ಬಂದಾಗ ಚನ್ನಮ್ಮತ್ತೆಗೆ ಈ ಸುದ್ದಿ ಹೇಳುವುದು ಹೇಗೆಂಬುದೇ ಎಲ್ಲರಿಗೂ ಭಯವಾಗಿತ್ತು. ನನ್ನ ಗಂಡ ಎರಡು ದಿನ ತೋಟದಲ್ಲೇ ತಲೆಮರೆಸಿಕೊಂಡರು. ಕೊನೆಗೆ ಮನೋಜನೇ ಅತ್ತೆಯ ಕಾಲ ಬಳಿ ಕುಳಿತು ಬೀದಿಯ ಕಥೆಯನ್ನು ಪೂರ್ತಿ ಹೇಳಿದ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಬಂತೇನೋ ಎಂದು ನಾನು ಹತ್ತಿರ ಹೋದೆ. ಬಂದಿರಲಿಲ್ಲ. ಬೀದಿ ಒಂದೇ ಎಂದ ಮೇಲೆ ಅವರು ನೆರೆಹೊರೆಯವರು, ನೆರೆಹೊರೆಯಿಂದ ಹೆಣ್ಣು ತರುವುದಕ್ಕೆ ಅಡ್ಡಿಯಿಲ್ಲ ಎಂದು ನಿಧಾನವಾಗಿ ಹೊಸ ತೀರ್ಪು ಕೊಟ್ಟರು. ಮನೋಜ ಅವರ ಎರಡೂ ಕೈ ಹಿಡಿದುಕೊಂಡ. ಅವರು ಒಂದು ಕೈ ಬಿಡಿಸಿಕೊಂಡು ಬೆರಳೆತ್ತಿದರು.

"ಆದ್ರೆ ಆ ಬೀದೀಲಿ ಮೊದ್ಲನೇ ಮನೆ ನಮ್ದೇ ಕಣ್ಲಾ. ಅದನ್ನ ಅವರಿಗೆ ಹೇಳ್ಬಿಡು."

ಹೇಳಲಿಲ್ಲ. ಅವರ ಮನೆಯಲ್ಲೂ ಇಂಥದೇ ಮಾತು ಆಗಿರುತ್ತದೆ ಎಂದು ನಮಗೆ ಗೊತ್ತಿತ್ತು.

ಮದುವೆ ಚೆನ್ನಾಗಿ ನಡೆಯಿತು. ಸೊಸೆ ಬಂದ ಮೇಲೆ ನನ್ನ ಮಂಡಿನೋವಿಗೆ ದಿಕ್ಕಾಯಿತು. ಭಾನುವಾರದ ಬೆಳಿಗ್ಗೆ ಚಾಪೆಯ ಮೇಲೆ ಮಲಗಿಸಿ ಕಾಲು ಮಡಚಿಸಿ ಬಿಡಿಸಿ ವ್ಯಾಯಾಮ ಮಾಡಿಸುತ್ತಾಳೆ. ಮೊನ್ನೆ ಹೀಗೆ ಮಾಡಿಸುತ್ತಿರುವಾಗ, ಇಷ್ಟೆಲ್ಲ ಗಲಾಟೆಯಿಂದ ಒಂದಾದರೂ ಲಾಭವಾಯಿತು ನೋಡು ಎಂದು ನಾನು ಶುರುಮಾಡಿದೆ. ಮದುವೆಯಾದಾಗ ನಾನು ಇನಿಷಿಯಲ್ ಬದಲಾಯಿಸಿಕೊಂಡು, ಅಂಕಪಟ್ಟಿಯಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು, ಸರ್ವಿಸ್ ರಿಜಿಸ್ಟರಿನಲ್ಲಿ ಇನ್ನೊಂದು ಹೆಸರಾಗಿ, ಈ ಮೂವರೂ ಒಬ್ಬಳೇ ಎಂದು ನಂಬಿಸಲು ಕಚೇರಿಗಳನ್ನು ಅಲೆದದ್ದನ್ನೆಲ್ಲ ಹೇಳಿ, ನಿನಗೆ ಆ ಕಷ್ಟವಿಲ್ಲ, ಕೆ. ಕಾವ್ಯ ಮದುವೆಯಾದರೂ ಕೆ. ಕಾವ್ಯಳೇ ಎಂದೆ. ಅವಳು ನನ್ನ ಹಿಮ್ಮಡಿಯನ್ನು ಮೇಲೆತ್ತಿ ಹಿಡಿದಿದ್ದಳು.

"ನಿಮ್ಮನೆ ಹೆಸ್ರು ಬೇರೆ ಇದ್ದಿದ್ರೂ ನಾನು ಬದಲಾಯಿಸ್ತಿರ್ಲಿಲ್ಲ ಅತ್ತೆ. ಮನೋಜ್‌ಗೆ ಮೊದಲೇ ಹೇಳಿದ್ದೆ."

ಬಹಳ ಸಹಜವಾಗಿ ಹೇಳಿದಳು. ನಾನು ಚಾವಣಿಯ ಫ್ಯಾನ್ ನೋಡುತ್ತಾ ಮಲಗಿದ್ದೆ. ಮಾತು ಮುಂದುವರಿಸಲೆಂದೋ ನೋವು ಮರೆಸಲೆಂದೋ ಅವಳು, ಮದುವೆಗೆ ಮುಂಚೆ ನಿಮ್ಮ ಇನಿಷಿಯಲ್ ಏನಿತ್ತು ಅತ್ತೆ ಎಂದು ಕೇಳಿದಳು. ಹೆಚ್ ಎಂದೆ. ಹೆಚ್ ಅಂದರೆ ಏನು ಎಂದಳು. ಉಪನ್ಯಾಸಕಿಯ ಧೈರ್ಯದಿಂದ ಬಾಯಿ ತೆರೆದೆ. ಏನೂ ಬರಲಿಲ್ಲ. ನಮ್ಮಪ್ಪನ ಹೆಸರು ಹೆಚ್‌ನಿಂದ ಶುರುವಾಗುವುದಿಲ್ಲ, ನಮ್ಮೂರಿನ ಹೆಸರೂ ಅಲ್ಲ. ಹುಟ್ಟಿದಂದಿನಿಂದ ಮದುವೆಯಾಗುವವರೆಗೂ ಆ ಅಕ್ಷರವನ್ನು ಹೊತ್ತುಕೊಂಡು ತಿರುಗಿದ್ದೆ, ಅದು ಏನೆಂದು ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ. ಮೂವರು ಗಂಡಸರ ಕೆನ್ನೆ ಒರೆಸಿ ಲ್ಯಾಬಿಗೆ ಕಳಿಸುವಂತೆ ಮಾಡಿದವಳು ನಾನು. ಮಂಡಿ ನೋಯುತ್ತಿದೆ, ಇವತ್ತಿಗೆ ಸಾಕು ಎಂದು ಎದ್ದು, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅಣ್ಣನಿಗೆ ಫೋನ್ ಮಾಡಿದೆ. ಅವನು ಹುಟ್ಟಿದ ಮನೆಯಲ್ಲೇ ಇರುವವನು, ಇಂದಿಗೂ ಅದೇ ಹೆಚ್ ಹಾಕಿ ರುಜು ಮಾಡುವವನು. ಹೆಚ್ ಅಂದರೆ ಏನಣ್ಣ ಎಂದು ಕೇಳಿದೆ. ಅತ್ತ ಕಡೆಯಿಂದ ಅವನು ಹೆಚ್, ಹೆಚ್ ಎಂದು ಎರಡು ಸಲ ಹೇಳಿಕೊಂಡ. ಆಮೇಲೆ ಅಣ್ಣ ಹೇಳಿದ:

"ಇರು, ನಿಮ್ಮತ್ತಿಗೆನ ಕೇಳ್ಬಿಟ್ಟು ಹೇಳ್ತೀನಿ."